ಮೀಡಿಯಂ ವೇವ್ ದೆವ್ವ: ಒಂದು ಮೀಮಾಂಸೆ

ಪ್ರಮೇಯ: ಸಗರನಾಡಿನಲ್ಲಿ ಬಾನುಲಿ ದೆವ್ವವನ್ನು ಹುಟ್ಟಿಸಿದ್ದು ನಾಟಕಕಾರನಲ್ಲ, ಅಯಾನುಗೋಳ.

ಇದನ್ನೊಪ್ಪದ ಪೂರ್ವಪಕ್ಷದವರು ಕೇಳುತ್ತಾರೆ: ಯಾದಗಿರಿಯ ಕೋಟೆ, ಸುರಪುರದ ಟೇಲರ್ ಮಂಜಿಲ್, ಶಹಾಪುರದ ಮಲಗಿದ ಬುದ್ಧನ ಬೆಟ್ಟ, ಇಷ್ಟೆಲ್ಲ ಇರುವಾಗ ದೆವ್ವವನ್ನು ಕಲಬುರಗಿಯಿಂದ ತರಿಸುವ ದರ್ದೇನಿತ್ತು? ಸಮಾಧಾನ: ಊರ ದೆವ್ವಕ್ಕೆ ಮನೆತನವಿರುತ್ತದೆ. ಅದು ಯಾರ ಸೋದರತ್ತೆ, ಯಾವ ಬಾವಿಗೆ ಬಿದ್ದಳು, ಯಾವ ಹೊಲದ ತಂಟೆ ಬಾಕಿ ಎಂಬುದೆಲ್ಲ ಓಣಿಗೇ ಗೊತ್ತು. ಮೈಮೇಲೆ ಬಂದರೆ ಕೋಳಿ ಕೇಳುತ್ತದೆ, ಸೀರೆ ಕೇಳುತ್ತದೆ, ಒಮ್ಮೊಮ್ಮೆ ಹಳೇ ಸಾಲವನ್ನೂ ಕೇಳುತ್ತದೆ. ರೇಡಿಯೋ ದೆವ್ವ ಕೇಳುವುದು ಸೆಲ್ ಮಾತ್ರ. ಅವು ಸೊರಗಿದರೆ ಬಿಸಿಲಿಗಿಟ್ಟು ಇನ್ನೊಂದು ರಾತ್ರಿ ಕರೆಸಬಹುದು; ಬಿಸಿಲಿಗೆ ಈ ಸೀಮೆಯಲ್ಲಿ ಎಂದೂ ಬರವಿಲ್ಲ.

ಇನ್ನು ಪ್ರಮಾಣ. ಧಾರವಾಡ ಆಕಾಶವಾಣಿ 1950ರಲ್ಲಿ, ಕಲಬುರಗಿಯದು 1966ರಲ್ಲಿ ಶುರುವಾದವು. ಸ್ಟುಡಿಯೋದ ಭೂತಸಾಮಗ್ರಿ ಬಡವರ ಮನೆಯದೇ: ಗುಡುಗಿಗೆ ತಗಡು, ಕುದುರೆಗೆ ತೆಂಗಿನ ಚಿಪ್ಪು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕನೊಡನೆ ಬ್ರಿಟಿಷರ ಮೇಲೇರಿ ಹೋದ ಸುರಪುರ ತಗಡಿಗೆ ಹೆದರೀತೇ? ಭಯ ಬಂದದ್ದು ಮೇಲಿನಿಂದ. ಹಗಲಿನಲ್ಲಿ ಅಯಾನುಗೋಳದ ಕೆಳಗಿನ ಡಿ ಪದರ ಮೀಡಿಯಂ ವೇವ್ ಅಲೆಗಳನ್ನು ನುಂಗಿಬಿಡುತ್ತದೆ. ಹೊತ್ತು ಮುಳುಗಿದರೆ ಆ ಪದರ ಕರಗುತ್ತದೆ. ಅಲೆಗಳು ಇನ್ನೂ ಮೇಲೇರಿ, ಬಾಗಿ, ನೂರಾರು ಕಿಲೋಮೀಟರ್ ಆಚೆ ಬಂದಿಳಿಯುತ್ತವೆ. ಹಾಗಾಗಿ ಪಾಳು ವಾಡೆಯಲ್ಲಿ ನಿಂತ ನಾಯಕಿ “ಯಾರದು?” ಎಂದರೆ ಉತ್ತರ ತೆಲುಗಿನಲ್ಲಿ ಬರುತ್ತಿತ್ತು. ದನಿ ಉಬ್ಬುತ್ತಿತ್ತು, ಕುಗ್ಗುತ್ತಿತ್ತು, ಸತ್ತು ಮತ್ತೆ ಏಳುತ್ತಿತ್ತು. ಅಮೆರಿಕದವರನ್ನು ಹೆದರಿಸಲು 1938ರಲ್ಲಿ ಆರ್ಸನ್ ವೆಲ್ಸ್ ಮಂಗಳ ಗ್ರಹದವರನ್ನು ಇಳಿಸಬೇಕಾಯಿತು. ನಮಗೆ ಹೈದರಾಬಾದೇ ಸಾಕಾಯಿತು.

ಅಂಗಳದಲ್ಲಿ ಶೇಂಗಾ ಬಿಡಿಸುವ ಹೊತ್ತಿನ ಕ್ಷೇತ್ರಕಾರ್ಯದ ಒಂದು ಮಾದರಿ:

“ದೆವ್ವ ಬಂತೇನೋ?”

“ಇಲ್ಲಬೇ ಆಯಿ, ಸೆಲ್ ಇಳದಾವ.”

“ಹಂಗಂದ್ರ ಬಂದದ. ಲಾಟೀನ ಸಣ್ಣ ಮಾಡು.”

ಇಲ್ಲಿ ಆಯಿಯ ತರ್ಕ ನಿರ್ದುಷ್ಟ. ಹೊಗೆಯಿದ್ದಲ್ಲಿ ಬೆಂಕಿ ಎನ್ನುವ ನೈಯಾಯಿಕರು, ಗರಗರವಿದ್ದಲ್ಲಿ ದೆವ್ವ ಎಂಬುದನ್ನು ಯಾವ ಬಾಯಿಂದ ಅಲ್ಲಗಳೆಯುತ್ತಾರೆ? ಎಫ್‌ಎಂ ಬಂದ ಮೇಲೆ ದನಿ ತಿಳಿಯಾಯಿತು, ದೆವ್ವದ ಉಚ್ಚಾರ ಸ್ಪಷ್ಟವಾಯಿತು. ಇಷ್ಟು ಶುದ್ಧವಾಗಿ ಮಾತಾಡುವವರು ಸತ್ತಿರಲಾರರು ಎಂದು ಜನ ಟಿವಿಯ ಕಡೆ ಹೊರಳಿದರು.

ಉಳಿದದ್ದು ಪಾತ್ರವರ್ಗದ ಜಟಿಲ ಪ್ರಶ್ನೆ. ನಾಟಕ ಮುಗಿದೊಡನೆ ಉದ್ಘೋಷಕರು ಕಲಾವಿದರ ಹೆಸರು ಓದಿ, ಕೊನೆಗೆ “ಮತ್ತು ಇತರರು” ಎನ್ನುತ್ತಿದ್ದರು. ಸಂತೆಯ ದೃಶ್ಯದಲ್ಲಿ ಗದ್ದಲ ಮಾಡಿದವರೇ ಇತರರು ಎಂಬುದು ಪಂಡಿತರ ಪಕ್ಷ. ಅಂಗಳದ ಪಂಥ ಇದನ್ನೊಪ್ಪುವುದಿಲ್ಲ: ಹೆಸರಿದ್ದವರೆಲ್ಲ ನೌಕರಿಯವರು, ರಾತ್ರಿ ಊಟಕ್ಕೆ ಮನೆಗೆ ಹೋಗುವವರು, ನಡುರಾತ್ರಿ ತೆಲುಗಿನಲ್ಲಿ ನಕ್ಕವರು ಆ ಇತರರೇ. ಅವರಿಗೂ ಸಂಭಾವನೆಯ ಚೆಕ್ ಬರೆದಿದ್ದರೆ, ರಸೀದಿಗೆ ಸಹಿ ಹಾಕಿದ್ದು ಯಾವ ಕೈ ಎಂಬುದರ ಮೇಲೆ ಇನ್ನೂ ಒಂದು ಪಿಎಚ್‌ಡಿಗೆ ಜಾಗವಿದೆ.