ತೌಡು ಕುಟ್ಟುವ ಜೋರೆನ್ ಸಾನ್

ಅಂಗಡಿಯಲ್ಲಿ ಇರುವುದು ಎಂಟೇ ಕುರ್ಚಿ. ಒಂಬತ್ತನೆಯವರು ಜಾರುಬಾಗಿಲು ಸರಿಸಿ ಇಣುಕಿದರೆ ಒಳಗಿನ ಹೆಂಗಸು ಎರಡೂ ಕೈಗಳನ್ನು ಕತ್ತರಿಯಂತೆ ಅಡ್ಡ ಹಿಡಿದು, ಬಹಳ ನೊಂದ ಮುಖ ಮಾಡಿ ತಲೆ ಬಾಗಿಸುತ್ತಾರೆ. ಬಂದವರೂ ತಲೆ ಬಾಗಿಸುತ್ತಾರೆ. ಬಾಗಿಲು ಮುಚ್ಚುತ್ತದೆ. ಆಗ ಒಳಗೆ ಕೂತವರ ಮುಖದ ಮೇಲೆ ಮೂಡುವ ಸಂತೋಷ ನೋಡಬೇಕು. ರಿಸರ್ವೇಶನ್ ಬೋಗಿಯ ಕಿಟಕಿ ಪಕ್ಕ ಕೂತು, ಜನರಲ್ ಬೋಗಿಗೆ ಓಡುವವರನ್ನು ನೋಡುವಾಗ ಆಗುತ್ತದಲ್ಲ, ಅಂಥದು.

ಇದು ಟೋಕಿಯೋದ ಯಾಮಾನೊತೆ ಲೈನಿನ ಒಂದು ಸ್ಟೇಷನ್ನಿನ ಹಿಂದಿನ ಓಣಿ. ಇಂಥ ಗೂಡುಗಳಿಗೆ ಆ ಊರಿನಲ್ಲಿ ಬರವಿಲ್ಲ. ಶಿಂಜುಕುವಿನ ಗೋಲ್ಡನ್ ಗಾಯ್ ಒಂದರಲ್ಲೇ, ಆರು ಓಣಿಗಳಲ್ಲಿ, ಇನ್ನೂರಕ್ಕೂ ಹೆಚ್ಚು ಬಾರುಗಳು ಒಂದರ ಹೆಗಲಿಗೊಂದು ಒರಗಿ ನಿಂತಿವೆ. ಶಿಬುಯಾದಲ್ಲೊಂದು ನೊಂಬೆಯ್ ಯೊಕೊಚೋ ಇದೆ. ಅಂದರೆ ಕುಡುಕರ ಓಣಿ. ಹೆಸರೇ ಹಾಗೆ, ಮುಚ್ಚುಮರೆ ಇಲ್ಲ. ಅಲ್ಲೆಲ್ಲ ಈಗ ಕ್ಯಾಮೆರಾ ಹಿಡಿದ ಪ್ರವಾಸಿಗಳ ಕಾಟ. ನಾನು ಹೇಳಹೊರಟ ಜೀವಿ ನೆಮ್ಮದಿಯಾಗಿ ಬೆಳೆಯುವುದು ಪ್ರವಾಸಿಗಳು ಕಾಲಿಡದ ಓಣಿಗಳಲ್ಲಿ.

ಆ ಜೀವಿಯ ಹೆಸರು ಜೋರೆನ್. ಮರ್ಯಾದೆಗೆ ಜೋರೆನ್ ಸಾನ್ ಅನ್ನೋಣ. ಖಾಯಂ ಗಿರಾಕಿ ಅಂತ ಕನ್ನಡಕ್ಕೆ ತರಬಹುದು. ಆದರೆ ಖಾಯಂ ಗಿರಾಕಿ ದುಡ್ಡು ಕೊಟ್ಟು ಎದ್ದು ಹೋಗುತ್ತಾನೆ. ಜೋರೆನ್ ಸಾನ್ ದುಡ್ಡು ಕೊಡುತ್ತಾರೆ, ಏಳುವುದಿಲ್ಲ.

ಅವರು ಕೂರುವುದು ಗೋಡೆ ಪಕ್ಕದ ಕೊನೆಯ ಕುರ್ಚಿಯಲ್ಲಿ. ಅಲ್ಲಿಂದ ಬಾಗಿಲು ಕಾಣುತ್ತದೆ, ಒಲೆ ಕಾಣುತ್ತದೆ, ಯಾರ ಲೋಟ ಎಷ್ಟು ಖಾಲಿಯಾಗಿದೆ ಎನ್ನುವುದೂ ಕಾಣುತ್ತದೆ. ಶೌಚಾಲಯ ಬೆನ್ನ ಹಿಂದೆಯೇ. ಯಾರಾದರೂ ಅತ್ತ ಹೋಗಬೇಕಾದರೆ ಉಳಿದವರೆಲ್ಲ ಕುರ್ಚಿ ಮುಂದೆಳೆದು ಹೊಟ್ಟೆಯನ್ನು ಕೌಂಟರಿಗೆ ಒತ್ತಿಕೊಳ್ಳಬೇಕು. ಆ ಸಂಚಾರ ನಿಯಂತ್ರಣವೂ ಅವರದೇ. ತಲೆಯ ಮೇಲಿನ ಹಲಗೆಯಲ್ಲಿ ಅವರ ಸ್ವಂತ ಬಟ್ಟಲಿದೆ. ಗೋಡೆಯ ತುಂಬ ಕಾಗದದ ಪಟ್ಟಿಗಳಲ್ಲಿ ಬರೆದು ಅಂಟಿಸಿದ ಮೆನುವನ್ನು ಅವರು ಕತ್ತೆತ್ತಿ ನೋಡಿದ್ದನ್ನು ನಾನು ಕಂಡಿಲ್ಲ. ಕೂತ ಕೂಡಲೇ ಒಂದೇ ಮಾತು: "ಇತ್ಸುಮೊ ನೊ." ಯಾವಾಗಲಿನದೇ ಅಂತ.

ಅಂಗಡಿಯ ಒಡತಿಗೆ ಅರವತ್ತು ದಾಟಿದೆ. ಕಪ್ಪೋಗಿ ಎಂಬ ತೋಳಿರುವ ಬಿಳಿ ಏಪ್ರನ್ ತೊಟ್ಟು, ಕೌಂಟರಿನ ಆಚೆ ಎರಡು ಮೊಳ ಜಾಗದಲ್ಲೇ ತಿರುಗುತ್ತಾ ಬೇಯಿಸುತ್ತಾರೆ, ಸುರಿಯುತ್ತಾರೆ, ತೊಳೆಯುತ್ತಾರೆ. ಅವರನ್ನು ಎಲ್ಲರೂ ಕೂಗುವುದು "ಮಾಮಾ" ಎಂದು. ಮೊದಲ ದಿನ ನನಗೆ ನಾಲಿಗೆ ಹೊರಳಲಿಲ್ಲ. ಹೆಂಗಸನ್ನು ಮಾಮಾ ಅನ್ನುವುದು ಹೇಗೆ? ಎರಡು ಬಟ್ಟಲಾದ ಮೇಲೆ ಹೊರಳಿತು. ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ "ನಿನ್ನೆ ಮಾಮಾನ ಹತ್ತಿರ ಊಟ ಆಯ್ತು" ಎಂದೆ. "ಪರದೇಶದಲ್ಲೂ ಮಾವ ಅನ್ನೋಕೆ ಒಬ್ಬರು ಸಿಕ್ಕಿದ್ರಲ್ಲ, ಒಳ್ಳೇದಾಯ್ತು ಬಿಡು" ಎಂದು ಅಮ್ಮ ನೆಮ್ಮದಿಯಿಂದ ಫೋನ್ ಇಟ್ಟರು. ಇಂದಿಗೂ ತಿದ್ದಿಲ್ಲ.

ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದು ಆಫೀಸಿನ ಜಪಾನಿ ಗೆಳೆಯ. ಕೂತು, ಬಿಸಿ ಟವೆಲಿನಲ್ಲಿ ಕೈ ಒರೆಸಿ, ತಮಾಷೆಗೆಂದು ಒಂದು ಮಾತು ಬಿಟ್ಟೆ. ನಮ್ಮ ಭಾಷೆಯಲ್ಲಿ ಬಡಿಸುವವರು "ಸಾಕೇ?" ಅಂತ ಕೇಳುತ್ತಾರೆ, ನಿಮ್ಮಲ್ಲಿ ಬಾಟಲಿಯ ಮೇಲೇ ಆ ಪ್ರಶ್ನೆ ಬರೆದಿದೆ ಎಂದೆ. ಗೆಳೆಯ ನಕ್ಕ. ಮಾಮಾ ನಕ್ಕರು. ಗೋಡೆ ಪಕ್ಕದ ಕುರ್ಚಿಯಿಂದ ಒಂದು ಗಂಟಲು ಸರಿಯಾಯಿತು.

"ಕ್ಷಮಿಸಿ. ಸಕೆ ಅಂದರೆ ನಮ್ಮಲ್ಲಿ ಎಲ್ಲ ಮದ್ಯವೂ ಬಂತು. ಬಿಯರೂ ಸಕೆ, ವಿಸ್ಕಿಯೂ ಸಕೆ. ನಿಮ್ಮ ಮುಂದೆ ಇರುವುದು ನಿಹೊನ್‌ಶು. ಹಾಗಾಗಿ ನಿಮ್ಮ ಹಾಸ್ಯ ಬಿಯರಿಗೂ ಅನ್ವಯಿಸುತ್ತದೆ."

ಹಾಸ್ಯ ಅಲ್ಲೇ ಸತ್ತಿತು. ಜೋರೆನ್ ಸಾನ್ ಅದರ ದೇಹವನ್ನು ದಾಟಿಕೊಂಡು ಬಂದು ಅಕ್ಕಿಯ ವಿಷಯ ತೆಗೆದರು.

ನಾವು ಉಣ್ಣುವ ಬಿಳಿ ಅಕ್ಕಿಯನ್ನು ನೂರರಲ್ಲಿ ಹತ್ತು ಪಾಲು ಸವೆಸಿದರೆ ಆಯಿತು. ನಿಹೊನ್‌ಶುವಿಗೆ ಅದು ಸಾಲದು. ಅಕ್ಕಿಕಾಳಿನ ಹೊರಮೈಯಲ್ಲಿ ಪ್ರೋಟೀನು, ಕೊಬ್ಬು ಹೆಚ್ಚು. ಅವು ಇದ್ದರೆ ರುಚಿ ಒರಟು. ನಡುವಿನ ಪಿಷ್ಟ ಬೇಕು. ಅದಕ್ಕೆ ಕಾಳನ್ನು ಉಜ್ಜುತ್ತಾ ಹೋಗುತ್ತಾರೆ. ಶೇಕಡ 60ಕ್ಕೆ ಇಳಿದರೆ ಗಿಂಜೋ, 50ಕ್ಕೆ ಇಳಿದರೆ ದಾಯ್‌ಗಿಂಜೋ. ಯಾಮಾಗುಚಿ ಪ್ರಾಂತದ ದಸ್ಸಾಯ್ 23 ಎಂಬ ಮದ್ಯದಲ್ಲಿ ಹೆಸರಿಗೆ ತಕ್ಕಂತೆ ಕಾಳಿನಲ್ಲಿ ಉಳಿಯುವುದು ಶೇಕಡ 23 ಮಾತ್ರ.

ನಾನು ಶಿವಮೊಗ್ಗದ ಕಡೆಯವನು. ಅಕ್ಕಿ ಗಿರಣಿಯ ಸದ್ದು ಕೇಳುತ್ತಾ ಬೆಳೆದವನು. ನೂರು ಕಿಲೋ ಅಕ್ಕಿಯಲ್ಲಿ 77 ಕಿಲೋ ಪುಡಿ! ನನ್ನ ಅಜ್ಜಿ ಇದ್ದಿದ್ದರೆ ಬಾಟಲಿಯ ಬೆಲೆ ಕೇಳುತ್ತಿರಲಿಲ್ಲ, "ಎಮ್ಮೆ ಎಷ್ಟು ಸಾಕಿದ್ದಾರೆ?" ಅಂತ ಕೇಳುತ್ತಿದ್ದರು. ನಾನೂ ಅದನ್ನೇ ಕೇಳಿದೆ. ಕೇಳಬಾರದಿತ್ತು. ಮೊದಲು ಬರುವ ಕೆಂಪು ತೌಡು ಎಲ್ಲಿಗೆ ಹೋಗುತ್ತದೆ, ಆಮೇಲಿನ ಬಿಳಿ ಪುಡಿಯಿಂದ ಸೆಂಬೆ ಎಂಬ ಅಕ್ಕಿ ಹಪ್ಪಳದಂಥ ತಿಂಡಿ ಹೇಗಾಗುತ್ತದೆ, ತೌಡಿನಲ್ಲಿ ಮೂಲಂಗಿ ಹೂತು ಉಪ್ಪಿನಕಾಯಿ ಹಾಕುತ್ತಿದ್ದ ತಮ್ಮ ತಾಯಿಯ ಕೈ ಎಂಥದು: ಮುಕ್ಕಾಲು ಗಂಟೆ ತೌಡಿನ ಮೇಲೆ ಕಳೆಯಿತು. ಎರಡು ಸಲ ಮೊದಲಿನಿಂದ ಶುರುವಾಯಿತು.

ನಾನು ಗೆಳೆಯನ ಕಿವಿಯಲ್ಲಿ, ನಮ್ಮಲ್ಲಿ ಹೇಳಿದ್ದನ್ನೇ ಹೇಳುತ್ತಾ ಕೂತವರಿಗೆ ತೌಡು ಕುಟ್ಟುವವರು ಅನ್ನುತ್ತಾರೆ ಎಂದೆ. ಎಂಟು ಕುರ್ಚಿಯ ಅಂಗಡಿಯಲ್ಲಿ ಕಿವಿಯಲ್ಲಿ ಹೇಳುವುದೆಂಬುದಿಲ್ಲ.

"ಏನಂದಿರಿ?"

ಗೆಳೆಯ ಬಿಳಿಚಿಕೊಂಡ. ನಾನು ಪದಕ್ಕೆ ಪದ ಇಟ್ಟು, ಅರ್ಥ ಬಿಟ್ಟು ಹೇಳಿದೆ: ತೌಡು ಅಂದರೆ ನುಕಾ, ಕುಟ್ಟು ಅಂದರೆ ಒನಕೆಯಿಂದ ಹೊಡೆಯುವುದು.

ಜೋರೆನ್ ಸಾನ್ ಕಣ್ಣು ಅರಳಿತು. ಸಾವಿರಾರು ಮೈಲಿ ದೂರದ ಒಂದು ಭಾಷೆ ತಮ್ಮ ವಿದ್ಯೆಗೆ ಹೆಸರಿಟ್ಟು ಕಾಯುತ್ತಿದೆ ಎಂದು ಅವರಿಗೆ ಅಂದೇ ತಿಳಿದದ್ದು. ಬಟ್ಟಲೆತ್ತಿ ಇಡೀ ಸಾಲಿಗೆ ಸಾರಿದರು: "ತಾಉದೊ ಕುತ್ತೊ!" ಆರು ಮಂದಿ ಭಕ್ತಿಯಿಂದ ತಿರುಗಿ ಹೇಳಿದರು. ಅಂದಿನಿಂದ ಅವರು ಉಪನ್ಯಾಸಕ್ಕೆ ಇಳಿಯುವ ಮುಂಚೆ, "ಎಲ್ಲಿ, ಸ್ವಲ್ಪ ತಾಉದೊ ಕುತ್ತೊ ಮಾಡೋಣ" ಎಂದೇ ಶುರು ಮಾಡುತ್ತಾರೆ. ಇಷ್ಟು ಪ್ರಾಮಾಣಿಕವಾಗಿ ಮಾತಿಗೆ ಇಳಿಯುವವರನ್ನು ನಾನು ಕರ್ನಾಟಕದಲ್ಲೂ ಕಂಡಿಲ್ಲ.

ಇಷ್ಟೆಲ್ಲ ಬಲ್ಲವರು ಸ್ವತಃ ಕುಡಿಯುವುದೇನು ಎಂಬ ಕುತೂಹಲ ನಿಮಗೂ ಹುಟ್ಟಿರಬೇಕು. ಪಟ್ಟಿಯ ಕೊನೆಯಲ್ಲಿರುವ, ಅತಿ ಅಗ್ಗದ, ಯಾವ ಗಿಂಜೋ ಬಿರುದೂ ಇಲ್ಲದ ಸಾದಾ ಮದ್ಯ. ಅದನ್ನೇ ಬಿಸಿ ಮಾಡಿಸಿ, ನಾಲ್ಕು ಗಂಟೆಯಲ್ಲಿ ಎರಡು ಗೋ. ಒಂದು ಗೋ ಅಂದರೆ 180 ಮಿ.ಲೀ. ದಾಯ್‌ಗಿಂಜೋದ ಹಣ್ಣಿನ ಪರಿಮಳದ ಬಗ್ಗೆ ಕೇಳಿದರೆ, "ಪರಿಮಳಕ್ಕೆ ಊದುಕಡ್ಡಿ ಇದೆಯಲ್ಲ" ಎನ್ನುತ್ತಾರೆ.

ಬಿಸಿ ಮಾಡಿಸುವುದೇ ಒಂದು ಕಲಾಪ. ಅಲ್ಲಿ ಪ್ರತಿ ಐದು ಡಿಗ್ರಿಗೂ ಒಂದು ಹೆಸರು. 30 ಡಿಗ್ರಿಗೆ ಬಿಸಿಲಿನ ಹೆಸರು, 35ಕ್ಕೆ ಮನುಷ್ಯರ ಮೈಬಿಸಿಯ ಹೆಸರು. 40 ನುರುಕಾನ್, 45 ಜೋಕಾನ್, 50 ಅತ್ಸುಕಾನ್, 55 ತೊಬಿಕಿರಿಕಾನ್. ಮಾಮಾ ಬಿಸಿನೀರಿನಿಂದ ತೊಕ್ಕುರಿಯೆಂಬ ಪಿಂಗಾಣಿ ಹೂಜಿ ಎತ್ತಿ ಮುಂದಿಡುತ್ತಾರೆ. ಜೋರೆನ್ ಸಾನ್ ಅದರ ತಳಕ್ಕೆ ಕಿರುಬೆರಳು ತಾಗಿಸಿ, ಕಣ್ಣು ಮುಚ್ಚಿ, "43" ಎಂದು ತೀರ್ಪು ಕೊಡುತ್ತಾರೆ. ಇನ್ನೆರಡು ಡಿಗ್ರಿ ಬೇಕು. ಮಾಮಾ "ಅಯ್ಯೋ ಹೌದಲ್ಲ" ಎಂದು ಹೂಜಿಯನ್ನು ಕೌಂಟರಿನ ಕೆಳಗೆ ಇಳಿಸಿ, ಬರಿಯ ಹಲಗೆಯ ಮೇಲಿಟ್ಟು, ನನ್ನನ್ನೇ ನೋಡುತ್ತಾ ಮನಸ್ಸಿನಲ್ಲಿ ಇಪ್ಪತ್ತು ಎಣಿಸಿ, ಮತ್ತೆ ಮೇಲಿಡುತ್ತಾರೆ. ಬೆರಳು. ಕಣ್ಣು. "ಹಾಂ, ಈಗ ನೋಡಿ." ಆ ಹೊತ್ತಿಗೆ ಅದು 41ಕ್ಕೆ ಇಳಿದಿರುತ್ತದೆ ಎಂಬುದು ನನ್ನ ಅಂದಾಜು.

ಒಂದು ಮಳೆಯ ರಾತ್ರಿ, ನಾಲ್ಕೇ ಜನ ಇದ್ದಾಗ, ಸಾದಾ ಮದ್ಯವೇ ಯಾಕೆ ಎಂದು ಕೇಳಿದ್ದೆ. ಉತ್ತರ ಚರಿತ್ರೆಯಿಂದ ಶುರುವಾಯಿತು. 1992ರಲ್ಲಿ ಪೂರ್ತಿ ರದ್ದಾಗುವ ತನಕ ಸರ್ಕಾರ ಈ ಮದ್ಯಕ್ಕೆ ದರ್ಜೆ ಕೊಡುತ್ತಿತ್ತಂತೆ: ವಿಶೇಷ, ಮೊದಲನೆಯದು, ಎರಡನೆಯದು. ಮೇಲಿನ ದರ್ಜೆಗೆ ಪರೀಕ್ಷೆ ಇತ್ತು, ಅದಕ್ಕೆ ತಕ್ಕ ಹೆಚ್ಚಿನ ತೆರಿಗೆಯೂ ಇತ್ತು. ಪರೀಕ್ಷೆಗೆ ಕಳಿಸದೇ ಉಳಿಸಿಕೊಂಡದ್ದೆಲ್ಲ ತಾನಾಗಿ ಎರಡನೇ ದರ್ಜೆ. ಹಾಗಾಗಿ ಕೆಲವು ಜಾಣ ತಯಾರಕರು ಒಳ್ಳೆಯ ಮಾಲನ್ನೇ ಪರೀಕ್ಷೆಗೆ ಕಳಿಸದೆ ಎರಡನೇ ದರ್ಜೆಯೆಂದು ಮಾರುತ್ತಿದ್ದರು.

"ಬಲ್ಲವರು ಎರಡನೇ ದರ್ಜೆ ಕುಡಿಯುತ್ತಿದ್ದರು" ಎಂದರು. ಆಮೇಲೆ ಬಟ್ಟಲೊಳಗೆ ನೋಡುತ್ತಾ, "ನಾನೂ ವಿಮಾ ಕಂಪನಿಯಲ್ಲಿ 38 ವರ್ಷ ಇದ್ದೆ. ಕಾಚೋ ಆಗಲಿಲ್ಲ. ಪರೀಕ್ಷೆಗೆ ಕಟ್ಟಲೇ ಇಲ್ಲ ನೋಡಿ" ಎಂದರು.

ಕಾಚೋ ಅಂದರೆ ವಿಭಾಗದ ಮುಖ್ಯಸ್ಥ. ಮಾಮಾ ಏನೂ ಹೇಳದೆ ಅವರ ಮುಂದೆ ಹುರಿದ ಗಿಂಕೋ ಬೀಜ ಇಟ್ಟರು. ಅದಕ್ಕೆ ಬಿಲ್ ಹಾಕಿದಂತೆ ಕಾಣಲಿಲ್ಲ.

2024ರ ಡಿಸೆಂಬರಿನಲ್ಲಿ ಕೋಜಿ ಬಳಸಿ ಮದ್ಯ ತಯಾರಿಸುವ ಜಪಾನಿನ ಸಾಂಪ್ರದಾಯಿಕ ವಿದ್ಯೆಯನ್ನು ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ವಾರ ಜೋರೆನ್ ಸಾನ್ ಟೈ ಕಟ್ಟಿಕೊಂಡು ಬಂದಿದ್ದರು. ಒಳಬಂದವರೆಲ್ಲ ಅವರಿಗೆ ಅಭಿನಂದನೆ ಹೇಳಿದರು. ಅವರು ಅದನ್ನು ಸ್ವೀಕರಿಸಿದರು. ಕೋಜಿ ಅಂದರೆ ಬೆಂದ ಅಕ್ಕಿಯ ಮೇಲೆ ಬೆಳೆಸುವ ಬೂಷ್ಟು. ಅದು ಪಿಷ್ಟವನ್ನು ಸಕ್ಕರೆ ಮಾಡುತ್ತಿರುವಾಗಲೇ, ಅದೇ ತೊಟ್ಟಿಯಲ್ಲಿ, ಯೀಸ್ಟ್ ಆ ಸಕ್ಕರೆಯನ್ನು ಮದ್ಯ ಮಾಡುತ್ತಿರುತ್ತದೆ. ಈ ಜೋಡಿ ಕೆಲಸವನ್ನು ನನಗೆ ಎರಡು ಕೈಬೆರಳುಗಳಿಂದ ನಟಿಸಿ ತೋರಿಸಿದರು. ನಾನೂ ಸುಮ್ಮನಿರಲಾರದೆ, ನಮ್ಮಲ್ಲೂ ಅಕ್ಕಿ, ಉದ್ದು ರುಬ್ಬಿಟ್ಟರೆ ರಾತ್ರೋರಾತ್ರಿ ಹುದುಗುತ್ತದೆ ಎಂದೆ. ಅವರು ಗಂಭೀರವಾಗಿ ಕೇಳಿದರು: "ಆ ಅಕ್ಕಿಯ ಪಾಲಿಶ್ ಶೇಕಡ ಎಷ್ಟು?"

"ರೇಷನ್ ಅಕ್ಕಿ" ಎಂದೆ. ಮುಂದೆ ಯಾರಿಗೋ ಅದೊಂದು ತಳಿಯ ಹೆಸರೆಂದು ಹೇಳುತ್ತಿದ್ದರು.

ಅಷ್ಟು ಹೊತ್ತಿಗೆ ನಾನು ಅಂಗಡಿಯ ಆಸ್ತಿಯಾಗಿದ್ದೆ, ಆಸ್ತಿಯ ಉಸ್ತುವಾರಿ ಅವರದು. ನಾನು ಮೀನು, ಮಾಂಸ ತಿನ್ನುವುದಿಲ್ಲ. ಅಂಥ ಅಂಗಡಿಗಳಲ್ಲಿ ಕೂತ ಕೂಡಲೇ ಕೇಳದೆಯೇ ಒತೋಶಿ ಎಂಬ ಪುಟ್ಟ ತಟ್ಟೆ ಬರುತ್ತದೆ, ಬಿಲ್ಲಿಗೂ ಕೇಳದೆಯೇ ಸೇರುತ್ತದೆ. ಮೊದಲ ದಿನ ಬಂದದ್ದು ಸ್ಕ್ವಿಡ್ ಮೀನಿನ ಕರುಳಿನ ಉಪ್ಪಿನಕಾಯಿ. ತಣ್ಣನೆಯ ತೋಫು ಸಾಕೆಂದರೆ ಅದರ ಮೇಲೆ ಒಣಮೀನಿನ ತೆಳು ಹೆರಕಲು, ಗಾಳಿಗೆ ಜೀವ ಬಂದಂತೆ ಕುಣಿಯುತ್ತಿತ್ತು. ಈಗ ನಾನು ಬಾಗಿಲು ಸರಿಸಿದರೆ ಜೋರೆನ್ ಸಾನ್ ಮಾಮಾಗಿಂತ ಮುಂಚೆ ಕೂಗುತ್ತಾರೆ: "ಮೀನು ತೆಗೀರಿ!" ಹೊಸಬರಿಗೆ ನನ್ನ ಆಹಾರಧರ್ಮ ವಿವರಿಸುವುದೂ ಅವರೇ. "ಇವರು ಮುಖ ಇರುವ ಯಾವುದನ್ನೂ ತಿನ್ನುವುದಿಲ್ಲ. ಮೊಟ್ಟೆಗೆ ಮುಖ ಇಲ್ಲ, ಆದರೂ ತಿನ್ನುವುದಿಲ್ಲ. ಅದು ಸಂಶೋಧನೆಯ ಹಂತದಲ್ಲಿದೆ." ನಮ್ಮವರೆಲ್ಲ 19ರ ಮಗ್ಗಿ ಬಾಯಿಪಾಠ ಬಲ್ಲವರೆಂದು ಜಪಾನಿನಲ್ಲೊಂದು ನಂಬಿಕೆ ಇದೆ. ಅದರಿಂದಾಗಿ ಎಲ್ಲರ ಬಿಲ್ಲೂ ಈಗ ಒಮ್ಮೆ ನನ್ನ ಮುಂದೆ ಬರುತ್ತದೆ. ನಾನು ತೊಡೆಯ ಮೇಲೆ ಫೋನಿಟ್ಟು ಗುಟ್ಟಾಗಿ ಲೆಕ್ಕ ಹಾಕಿ, ಹುಬ್ಬೇರಿಸಿ, "ಸರಿ ಇದೆ" ಎನ್ನುತ್ತೇನೆ. ದೇಶದ ಮಾನದ ಪ್ರಶ್ನೆ.

ಅವರ ಮನೆ ನಡೆದು ಹೋಗುವಷ್ಟು ಹತ್ತಿರ. ಹಾಗಾಗಿ ಕೊನೆಯ ರೈಲಿನ ಚಿಂತೆ ಅವರಿಗಿಲ್ಲ, ನಮ್ಮೆಲ್ಲರದೂ ಅವರಿಗಿದೆ. ಯಾರದು ಯಾವ ಲೈನು, ಎಲ್ಲಿ ಬದಲಿಸಬೇಕು, ಎಲ್ಲ ಗೊತ್ತು. ಹನ್ನೊಂದೂವರೆಯಿಂದ ಒಬ್ಬೊಬ್ಬರನ್ನೇ ಎಬ್ಬಿಸುತ್ತಾರೆ. ಅಲ್ಲಿನ ಅನೇಕ ಭಾರತೀಯರಂತೆ ನನ್ನ ವಾಸವೂ ನಿಶಿ ಕಸಾಯ್‌ನಲ್ಲಿ. ಇಷ್ಟು ತಿಂಗಳಾದರೂ ನನ್ನ ಹೆಸರು ಅವರ ನಾಲಿಗೆಗೆ ಒಗ್ಗಿಲ್ಲ. "ತೋಜಾಯ್ ಲೈನ್, ಏಳಿ!" ಎನ್ನುತ್ತಾರೆ. ಏಳುತ್ತೇನೆ.

ಒಮ್ಮೆ ಅವರು ಶೌಚಾಲಯಕ್ಕೆ ಹೋಗಿದ್ದಾಗ ಹೊಸ ಹುಡುಗನೊಬ್ಬ ಬಾಗಿಲು ಸರಿಸಿದ. ಖಾಲಿ ಕುರ್ಚಿ ಕಂಡ. ಮಾಮಾ ಒಲೆಯ ಕಡೆ ತಿರುಗಿದ್ದರು. ನಾವು ಏಳು ಜನ ಬಾಯಿ ಬಿಡುವುದರೊಳಗೆ ಹುಡುಗ ಕೂತಾಗಿತ್ತು. ಒಳಗೆ ನೀರಿನ ಸದ್ದಾಯಿತು. ಜೋರೆನ್ ಸಾನ್ ಹೊರಬಂದು, ತಮ್ಮ ಬಟ್ಟಲಿನ ಮುಂದೆ ಕೂತ ಬೆನ್ನನ್ನು ನೋಡಿದರು. ಹುಡುಗ ಗಾಬರಿಯಿಂದ ಎದ್ದ. "ಕೂತ್ಕೊಳಿ, ಕೂತ್ಕೊಳಿ, ನಾನು ಹೊರಟಿದ್ದೆ" ಎಂದು ಅವನ ಹೆಗಲು ಒತ್ತಿದರು. ಹೊರಡಲಿಲ್ಲ. ರಾತ್ರಿ ಹನ್ನೆರಡರವರೆಗೆ ನಮ್ಮ ಬೆನ್ನ ಹಿಂದೆ ಗೋಡೆಗಂಟಿ ನಿಂತು, ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದಾಡುತ್ತಾ, ಎಲ್ಲ ಎಂಟು ನೆತ್ತಿಗಳ ಮೇಲೂ ಸಮನಾಗಿ ತೌಡು ಕುಟ್ಟಿದರು. ಅಲ್ಲಿಯವರೆಗೆ ಆ ಪ್ರವಾಹ ಮೂಲೆಯ ಎರಡು ಕುರ್ಚಿಗಷ್ಟೇ ಸೀಮಿತವಾಗಿತ್ತು.

ಮರುವಾರದಿಂದ ಅವರು ಎದ್ದ ಕೂಡಲೇ ಮಾಮಾ ಆ ಕುರ್ಚಿಯ ಮೇಲೆ ಒಂದು 1.8 ಲೀಟರಿನ ಖಾಲಿ ಬಾಟಲಿ ನಿಲ್ಲಿಸುತ್ತಾರೆ. ನೀವು ಟೋಕಿಯೋಗೆ ಹೋಗಿ ಇಂಥ ಅಂಗಡಿಗೆ ನುಗ್ಗಿದರೆ, ಗೋಡೆ ಪಕ್ಕ ಅಂಥದೊಂದು ಬಾಟಲಿ ಕೂತದ್ದು ಕಂಡರೆ, ದಯವಿಟ್ಟು ಎತ್ತಿಡಬೇಡಿ.