ದೂರದ ರಾಯರು

ನಿಮ್ಮ ಬೀದಿಯಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಬ್ಯಾಂಕಿನಿಂದಲೋ ಕಾರ್ಖಾನೆಯಿಂದಲೋ ನಿವೃತ್ತರು, ಮಗ ಅಮೆರಿಕದಲ್ಲಿ. ಹಾಲಿನ ಬೂತಿನ ಹತ್ತಿರ ಸಿಕ್ಕಾಗ "ಮಗ ಹೇಗಿದ್ದಾನೆ ಸಾರ್?" ಎಂದು ಕೇಳಿ ನೋಡಿ. "14,000 ಕಿಲೋಮೀಟರ್" ಎನ್ನುತ್ತಾರೆ.

ನಮ್ಮ ಜಯನಗರದ ರಾಯರ ಹಜಾರದಲ್ಲಿ ಎರಡು ಗಡಿಯಾರ. ಒಂದು ನಮ್ಮ ಸಮಯಕ್ಕೆ, ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೋಗೆ. ಮಾರ್ಚ್ ಎರಡನೆಯ ಭಾನುವಾರ ಅಲ್ಲಿಯವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ. ಮಂಡಿನೋವಿನ ರಾಯರು ಆ ಎರಡು ದಿನ ತಪ್ಪದೆ ಸ್ಟೂಲು ಹತ್ತುತ್ತಾರೆ. ಹೆಂಡತಿಯ ಹುಟ್ಟಿದ ದಿನ ಮರೆತದ್ದುಂಟು, ಇದನ್ನು ಮರೆತದ್ದಿಲ್ಲ. ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಇರುವ ಅಂತರ ಬೇಸಿಗೆಯಲ್ಲಿ ಹನ್ನೆರಡೂವರೆ ಆಗುತ್ತದೆ. ಮುಳ್ಳಿನ ಗಡಿಯಾರದಲ್ಲಿ ಅದು ಬರೀ ಅರ್ಧ ಗಂಟೆಯಾಗಿ ಕಾಣುತ್ತದೆ. "ಒಂದಕ್ಕೆ ಸೆಲ್ ವೀಕಾಗಿದೆ ಸಾರ್" ಎಂದ ಗ್ಯಾಸಿನ ಹುಡುಗನಿಗೆ, ಸಿಲಿಂಡರ್ ಹೆಗಲ ಮೇಲಿರುವಾಗಲೇ, ಭೂಮಿ ತಿರುಗುವ ಪಾಠವಾಯಿತು.

"ಅಮೆರಿಕ ಪಶ್ಚಿಮಕ್ಕಲ್ವಾ?" ಎಂದಿರೋ, ಕೆಟ್ಟಿರಿ. ಮೂಸಂಬಿ ಬರುತ್ತದೆ. ಬೆಂಗಳೂರಿಗೊಂದು ಗುಂಡುಸೂಜಿ, ಸ್ಯಾನ್ ಫ್ರಾನ್ಸಿಸ್ಕೋಗೊಂದು. ನಡುವೆ ಹೂ ಕಟ್ಟುವ ದಾರ ಬಿಗಿಯಾಗಿ ಎಳೆದರೆ ಅದು ಪಶ್ಚಿಮಕ್ಕೂ ಹೋಗದೆ ಪೂರ್ವಕ್ಕೂ ಹೋಗದೆ ನೆತ್ತಿಯ ಕಡೆ ಏರುತ್ತದೆ. "ನೋಡಯ್ಯ, ಇದೇ ಹತ್ತಿರದ ದಾರಿ!" 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಮಹಿಳಾ ತಂಡ ಏರ್ ಇಂಡಿಯಾ ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿಸಿ ನೇರ ಬೆಂಗಳೂರಿಗೆ ತಂದಿಳಿಸಿದಾಗ, ರಾಯರು ತಾವೇ ದಾರಿ ತೋರಿಸಿದವರಂತೆ ಬೀದಿಗೆಲ್ಲ ಮೈಸೂರು ಪಾಕು ಹಂಚಿದರು. ಮಗ ಅದರಲ್ಲಿ ಬಂದಿರಲಿಲ್ಲ.

ಮಗ ಬಂದದ್ದು ಆಮೇಲೆ, ಟಿಕೆಟ್ ಅಗ್ಗ ಅಂತ ಫ್ರಾಂಕ್‌ಫರ್ಟ್ ಮೇಲೆ. ರಾಯರಿಗೆ ಸಿಟ್ಟು. "ಸುಮಾರು 16,500 ಆಯ್ತಲ್ಲೋ! ಎರಡೂವರೆ ಸಾವಿರ ಕಿಲೋಮೀಟರ್ ದಂಡ!" ಪಕ್ಕದಿಂದ ಅವರ ಮನೆಯವರು, "ಅದಿರ್ಲಿ, ಊಟಕ್ಕೇನು ಕೊಡ್ತಾರಂತೆ ಕೇಳ್ರೀ" ಎಂದರು. ನನಗೆ ಕೇಳಿದರೆ ಆ ಮನೆಯಲ್ಲಿ ಸರಿಯಾದ ಪ್ರಶ್ನೆ ಅದೊಂದೇ.

ಆ ರಾತ್ರಿ ರಾಯರು ಮೊಬೈಲಿನಲ್ಲಿ ಪುಟ್ಟ ಹಳದಿ ವಿಮಾನವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದರು. "ಟರ್ಕಿ ದಾಟ್ತು" ಎಂದು ವಾಚ್‌ಮನ್‌ಗೂ ಸುದ್ದಿ ಹೋಯಿತು. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಮೇಲ್ಗಾಳಿಯ ಲೆಕ್ಕವೂ ಅವರ ಬಾಯಲ್ಲೇ ಇದೆ: ಲಂಡನ್ನಿನಿಂದ ನ್ಯೂಯಾರ್ಕಿಗೆ ಸುಮಾರು ಎಂಟು ಗಂಟೆ, ವಾಪಸು ಬರುವಾಗ ಗಾಳಿ ಬೆನ್ನಿಗಿದ್ದು ಏಳೇ.

"ಸರಿ ಸಾರ್, ಮಗನ್ನ ಕರೆದುಕೊಂಡು ಬರೋಕೆ ಜಯನಗರದಿಂದ ದೇವನಹಳ್ಳಿ ಏರ್‌ಪೋರ್ಟಿಗೆ ಎಷ್ಟು ಹೊತ್ತು?" ಎಂದೆ.

ರಾಯರ ಮುಖ ಸಣ್ಣದಾಯಿತು. "ಅದು ಹೆಬ್ಬಾಳದ ಟ್ರಾಫಿಕ್ಕಿಗೆ ಬಿಟ್ಟ ವಿಚಾರ ಕಣಯ್ಯ."

ಇಂಥವರ ಮಗ ಊರಿಗೆ ಬರುವ ವಾರ ನಿಮಗೇನಾದರೂ ಅವಸರವಿದ್ದರೆ, ಅವರ ಮನೆ ಮುಂದೆ ಹಾಯದೆ ಹಿಂದಿನ ಅಡ್ಡರಸ್ತೆ ಹಿಡಿಯಿರಿ. ದಾರಿ ಸುತ್ತಾದರೂ ಬೇಗ ತಲುಪುತ್ತೀರಿ.