ಅಪ್ಪ, ಎಲ್ಕ್ ಮತ್ತು ನೀರಿನ ಮಾತ್ರೆ

ನಮ್ಮಪ್ಪನ ಬೇಟೆ ಕಥೆಗಳೆಲ್ಲ 1972ಕ್ಕೆ ಮುಗಿಯುತ್ತವೆ. ವನ್ಯಜೀವಿ ಕಾಯ್ದೆ ಬಂದ ವರ್ಷ ಅದು. ಹೊಸ ಬೇಟೆ ನಿಂತಮೇಲೆ ಹಳೆಯ ಬೇಟೆಗಳೇ ಬೆಳೆಯತೊಡಗಿದವು. ನನ್ನ ಬಾಲ್ಯದಲ್ಲಿ ಸಾಧಾರಣ ಗಾತ್ರದ್ದಾಗಿದ್ದ ಒಂದು ಕಾಡುಹಂದಿ ನನ್ನ ಮದುವೆಯ ಹೊತ್ತಿಗೆ ಆರು ಜನ ಹೊರಲಾರದಷ್ಟು ಕೊಬ್ಬಿತ್ತು. ಕೋವಿ ಮಾತ್ರ ಕೊಡಗಿನ ಪೊನ್ನಂಪೇಟೆಯ ಮನೆಯಲ್ಲಿ ಹಾಗೇ ಉಂಟು. ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿನ ದಿನ ಹೊರಬಂದು, ತೋಕ್‌ಪೂ ಮುಡಿದು, ತೆಂಗಿನಕಾಯಿಯ ಮೇಲೆ ಪೌರುಷ ತೋರಿಸಿ ಮತ್ತೆ ಒಳಗೆ ಹೋಗುತ್ತದೆ.

ನಾನಿರುವ ಕೊಲೊರಾಡೊದಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಗಳು ಸುಮಾರು ಮೂರು ಲಕ್ಷ ಇವೆ, ಅಮೆರಿಕದ ಬೇರೆ ಯಾವ ರಾಜ್ಯದಲ್ಲೂ ಅಷ್ಟಿಲ್ಲ, ಪರವಾನಗಿ ಕೊಂಡು ಕಾಯ್ದೆ ಪ್ರಕಾರವೇ ಹೊಡೆಯಬಹುದು ಎಂಬ ಸುದ್ದಿ ಇಂಥವರ ಕಿವಿಗೆ ಬಿದ್ದರೆ ಏನಾಗಬೇಕೋ ಅದೇ ಆಯಿತು. ಪಾಸ್‌ಪೋರ್ಟ್ ನವೀಕರಣವಾಯಿತು. ವೀಸಾ ಬಂತು. ಮೊಮ್ಮಕ್ಕಳನ್ನು ನೋಡಲು ಬಾ ಎಂದು ವರ್ಷಗಟ್ಟಲೆ ಕರೆದಾಗ ಅಲುಗದಿದ್ದ ಮಂಡಿಚಿಪ್ಪು ಈಗ ತಾನಾಗಿಯೇ ವಾಸಿಯಾಯಿತು.

ದುಡ್ಡಿದ್ದವರು ಗೈಡ್ ಇಟ್ಟುಕೊಳ್ಳುತ್ತಾರೆ. ಗೈಡ್ ಬಳಿ ಕುದುರೆ, ಡೇರೆ, ಅಡುಗೆಯವನು ಎಲ್ಲ ಇರುತ್ತದೆ. ‘ಬೇಟೆಗೆ ಸಂಬಳದ ಆಳೇ? ನಮ್ಮ ಒಕ್ಕದ, ಮನೆತನದ ಮಾನ ಏನಾಗಬೇಕು?’ ಎಂದರು ಅಪ್ಪ. ಸರಿ, ನಮ್ಮ ಬೇಟೆ ನಾವೇ ಎಂದಾಯಿತು. ‘ನಾವು’ ಎಂದರೆ ದಾಖಲೆಯಲ್ಲಿ 1948ರ ಜೂನ್ ಒಂದರಂದು ಹುಟ್ಟಿದ ಅಪ್ಪ, ಮತ್ತು ಹಗಲೆಲ್ಲ ಕಂಪ್ಯೂಟರ್ ಮುಂದೆ ಕೂತು ಬೆನ್ನು ಬಗ್ಗಿದ ನಾನು.

ಆ ದಾಖಲೆಯ ವಿಷಯ ಹೇಳಲೇಬೇಕು. ಅಜ್ಜಿಯ ಲೆಕ್ಕದಲ್ಲಿ ಅಪ್ಪ ಹುಟ್ಟಿದ್ದು ಮರುವರ್ಷದ ಕಕ್ಕಡ ತಿಂಗಳಲ್ಲಿ. ಬೇಗ ಶಾಲೆಗೆ ಸೇರಿಸಿಕೊಳ್ಳಲೆಂದು ಮೇಷ್ಟರು ಹುಟ್ಟಿದ ದಿನವನ್ನು ಒಂದು ವರ್ಷ ಹಿಂದಕ್ಕೆ ತಳ್ಳಿದರು. ಕೊಲೊರಾಡೊ ಕಾನೂನಿನಂತೆ 1949ರ ಜನವರಿ ಒಂದು ಅಥವಾ ಆಮೇಲೆ ಹುಟ್ಟಿದವರೆಲ್ಲ ಬೇಟೆಗಾರರ ಸುರಕ್ಷತಾ ಪಾಠಕ್ಕೆ ಕೂತು ಪಾಸಾಗಬೇಕು. ಅದಕ್ಕೂ ಮೊದಲು ಹುಟ್ಟಿದವರಿಗೆ ವಿನಾಯಿತಿ. ಹೀಗೆ ನಮ್ಮೂರ ಮೇಷ್ಟರ ಪೆನ್ನು ರಾಕಿ ಪರ್ವತದವರೆಗೂ ಕೆಲಸ ಮಾಡಿತು. ನಾನು ಕ್ಲಾಸಿಗೆ ಹೋಗಿ, ಕೋವಿ ಹಿಡಿದು ಬೇಲಿ ದಾಟುವುದು ಹೇಗೆಂದು ಕಲಿತು, ಪರೀಕ್ಷೆ ಬರೆದು ಬಂದೆ. ಅಪ್ಪ ಫೋನಿನಲ್ಲೇ ಪಾಸಾದರು.

ಆದರೆ ಪ್ರವಾಸಿ ವೀಸಾದಲ್ಲಿ ಬಂದವರು ಬೇಟೆಯ ಪರವಾನಗಿ ಇಲ್ಲದೆ ಇಲ್ಲಿ ಕೋವಿ ಹಿಡಿಯುವಂತಿಲ್ಲ. ನಮ್ಮಂಥ ಕೊಡವರಿಗೆ ಊರಿನಲ್ಲಿ ಕೋವಿ ಲೈಸೆನ್ಸೇ ಬೇಡ, ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಅಂದರೆ ಅಪ್ಪನಿಗೆ ಅಲ್ಲಿ ಕೋವಿ ಉಂಟು, ಬೇಟೆ ಇಲ್ಲ. ಇಲ್ಲಿ ಬೇಟೆ ಉಂಟು, ಕೋವಿ ಇಲ್ಲ. ಪರವಾನಗಿ ಕೊಂಡರಾಯಿತಲ್ಲ ಎನ್ನಬಹುದು. ಹೊರಗಿನವರಿಗೆ ಅದರ ಬೆಲೆ ಏಳುನೂರು ಡಾಲರಿಗೂ ಮೇಲೆ. ಇಲ್ಲಿಯ ನಿವಾಸಿಯಾದ ನನಗೆ ಸುಮಾರು ಅದರ ಹತ್ತನೇ ಒಂದು ಪಾಲು. ಅಪ್ಪ ರೂಪಾಯಿಗೆ ಪರಿವರ್ತಿಸಿ ಬಹಳ ಹೊತ್ತು ಮೌನವಾಗಿದ್ದರು. ನೆಟ್‌ವರ್ಕ್ ಹೋಯಿತೆಂದು ನಾನು ಎರಡು ಸಲ ಹಲೋ ಹಲೋ ಎಂದೆ.

‘ಆ ದುಡ್ಡಿಗೆ ಇಡೀ ಒಕ್ಕಕ್ಕೆ ಪಂದಿಕರಿ ಉಣಿಸಬಹುದು,’ ಎಂದರು ಕೊನೆಗೆ. ‘ಕೋವಿ ನೀನೇ ಹಿಡಿ. ತಲೆ ನನ್ನದು.’

ತಲೆ ಎಂದರೆ ಯೋಜನೆ. ಅದು ಅಪ್ಪನದಾದರೂ ದೇಹದ ಉಳಿದ ಭಾಗಗಳ ಯೋಜನೆ ನನ್ನದೇ. ಅಪ್ಪನಿಗೆ ತಡಿಯಂಡಮೋಳು ಹತ್ತಿದ ಹೆಮ್ಮೆ ಇನ್ನೂ ಇಳಿದಿಲ್ಲ. ಆ ಬೆಟ್ಟದ ನೆತ್ತಿ 1,748 ಮೀಟರ್. ನಾನು ಗುರುತು ಹಾಕಿದ ಫ್ಲ್ಯಾಟ್ ಟಾಪ್ಸ್ ಕಾಡಿನಲ್ಲಿ ಡೇರೆ ಹೂಡುವ ಜಾಗವೇ ಅದಕ್ಕಿಂತ ಸಾವಿರ ಮೀಟರ್ ಮೇಲಿದೆ. ಎತ್ತರಕ್ಕೆ ಒಗ್ಗಲು ಮೊದಲು ಡೆನ್ವರಿನಲ್ಲಿ ಕೆಲವು ದಿನ ಇರಿ, ಧಾರಾಳ ನೀರು ಕುಡಿಸಿ ಎಂದರು ಡಾಕ್ಟರು. ಅಪ್ಪ ಬಿಪಿಗೆ ತೆಗೆದುಕೊಳ್ಳುವುದು ನೀರಿನ ಮಾತ್ರೆ, ಅಂದರೆ ಮೂತ್ರ ಹೆಚ್ಚಿಸುವಂಥದ್ದು. ಎಲ್ಕ್ ಬೇಟೆಯಲ್ಲಿ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಅಲುಗಾಡದೆ ಕೂರಬೇಕು. ಧಾರಾಳ ನೀರು, ನೀರಿನ ಮಾತ್ರೆ, ಅಲುಗಾಡದ ಅಪ್ಪ: ಈ ಮೂರನ್ನು ಒಂದೇ ಬೆಳಗಿನೊಳಗೆ ಕೂರಿಸುವ ವೇಳಾಪಟ್ಟಿ ಇನ್ನೂ ತಯಾರಾಗಿಲ್ಲ.

ಮಂಡಿಗೆ ಅಮೃತಾಂಜನದ ಸೇವೆ ನಡೆಯಬೇಕು. ಎಲ್ಕ್‌ಗೆ ಕಣ್ಣಿಗಿಂತ ಮೂಗು ಚುರುಕು. ಗಾಳಿ ನಮ್ಮಿಂದ ಅದರ ಕಡೆಗೆ ಬೀಸಿದರೆ ಬೇಟೆ ಮುಗಿದಂತೆ. ಅಪ್ಪ ಮುಲಾಮು ಹಚ್ಚಿದ ದಿನ ಗಾಳಿ ಯಾವ ಕಡೆಗಿದ್ದರೂ ವಯೋಮಿಂಗಿನ ಎಲ್ಕ್‌ಗಳೂ ತಲೆಯೆತ್ತಿ ನೋಡುವುದು ಖಂಡಿತ.

ಬೇಟೆಗಾರರು ತಲೆಯ ಮೇಲೂ ಎದೆಯ ಮೇಲೂ ಹೊಳೆಯುವ ಕಿತ್ತಳೆ ಬಣ್ಣ ತೊಡಬೇಕೆಂಬ ನಿಯಮವಿದೆ. 2016ರಿಂದ ಗುಲಾಬಿಯೂ ನಡೆಯುತ್ತದೆ. ಗುಂಡು ತಗುಲದಿರಲೆಂದು ಅಪ್ಪನಿಗೂ ಒಂದು ಅಂಗಿ ಕೊಂಡೆ. ರಿಯಾಯಿತಿಯಲ್ಲಿ ಸಿಕ್ಕಿದ್ದು ಗುಲಾಬಿ. ವೀಡಿಯೊ ಕಾಲಿನಲ್ಲಿ ತೋರಿಸಿದಾಗ ಅವರು ಕೊಡವರ ಉಡುಪಾದ ಕುಪ್ಯ ತೊಟ್ಟು ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿಕೊಂಡೇ ಬರುವುದಾಗಿ ಘೋಷಿಸಿದರು. ಕಾಡಿನಲ್ಲಿ ಕಪ್ಪು ಕುಪ್ಯದ ಆಕೃತಿ ದೂರದಿಂದ ಕರಡಿಯ ಹಾಗೆ ಕಾಣುತ್ತದೆ ಎಂದು ತಿಳಿಸಿದೆ. ಗುಲಾಬಿಯ ಬಗ್ಗೆ ಈಗ ಮಾತುಕತೆ ನಡೆಯುತ್ತಿದೆ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಎಲ್ಕ್ ಬಿದ್ದಮೇಲೆ ಏನು ಎಂಬುದು. ಬೆಳೆದ ಗಂಡು ಎಲ್ಕ್ ಮುನ್ನೂರು ಕಿಲೋ ತೂಗುತ್ತದೆ. ಮೂಳೆ ಬಿಡಿಸಿದರೂ ತೊಂಬತ್ತು ಕಿಲೋ ಮಾಂಸ, ಅದನ್ನು ಕಾಡಿನಲ್ಲಿ ಬಿಟ್ಟುಬರುವುದು ಅಪರಾಧ. ಹೊರೆಗೆ ಮೂವತ್ತರಂತೆ ಮೂರು ಹೊರೆ, ಕೊಂಬಿಗೆ ಇನ್ನೊಂದು. ರಸ್ತೆ ಮೂರು ಕಿಲೋಮೀಟರ್ ದೂರವಿದ್ದರೆ ಹೋಗುತ್ತಾ ಬರುತ್ತಾ ಇಪ್ಪತ್ತೊಂದು ಕಿಲೋಮೀಟರ್ ನಡೆಯಬೇಕು. ನಡೆಯುವವಳು ನಾನೊಬ್ಬಳೇ. ಕೊಡಗಿನ ಬೇಟೆಯಲ್ಲಿ ಇಡೀ ಊರೇ ಹೋಗುತ್ತಿತ್ತು. ಕಾಡು ನುಗ್ಗಿದವರಿಗೆ, ಹೊತ್ತವರಿಗೆ, ಕೊನೆಗೆ ನಾಯಿಗೂ ಪಾಲು. ಇಲ್ಲಿ ಎಲ್ಕ್ ಬೇಟೆಗೆ ನಾಯಿ ಬಿಡುವಂತಿಲ್ಲ.

ಹಾಗಾಗಿ ಭೂಪಟದ ಮೇಲೆ ಗೆರೆ ಎಳೆದೆ: ರಸ್ತೆಯಿಂದ ಐನೂರು ಮೀಟರಿಗಿಂತ ಒಳಗೆ ಹೋಗಬಾರದು, ಇಳಿಜಾರಿರಬಾರದು, ಮರದ ದಿಮ್ಮಿ ಅಡ್ಡ ಬಿದ್ದಿರಬಾರದು, ಮರೆಗೊಂದು ಪೊದೆ ಇರಬೇಕು. ಇಂಥ ಜಾಗಗಳು ಸಿಕ್ಕವು. ತೊಂದರೆಯೆಂದರೆ, ರೈಫಲ್ ಸೀಸನ್ ಶುರುವಾದ ಕೂಡಲೇ ಎಲ್ಕ್‌ಗಳು ರಸ್ತೆ ಬಿಟ್ಟು, ಇಳಿಜಾರು ಹುಡುಕಿ, ದಿಮ್ಮಿ ಬಿದ್ದ ಕಗ್ಗಾಡಿಗೇ ಸೇರಿಕೊಳ್ಳುತ್ತವೆ. ನಮ್ಮ ಯೋಜನೆ ಅಪ್ಪನಿಗೆ ಎಷ್ಟು ಸುರಕ್ಷಿತವೋ ಎಲ್ಕ್‌ಗೂ ಅಷ್ಟೇ ಸುರಕ್ಷಿತ.

ಇದು ಅಪ್ಪನಿಗೆ ಗೊತ್ತಿಲ್ಲವೆಂದು ನಾನು ನಂಬುವುದಿಲ್ಲ. ಭೂಪಟ ನೋಡಿ ‘ಜಾಗ ಚೆನ್ನಾಗುಂಟು’ ಎಂದಷ್ಟೇ ಹೇಳಿ, ಪೊದೆಯ ಬಗ್ಗೆ ಎರಡು ಪ್ರಶ್ನೆ ಕೇಳಿದರು.

ಈ ಬೇಟೆಯಲ್ಲಿ ಪೂರ್ಣ ಭರವಸೆ ಇಟ್ಟಿರುವವಳು ಅವ್ವ ಒಬ್ಬಳೇ. ಬೇಟೆಗೆ ಹೋದ ಐವರಲ್ಲಿ ಒಬ್ಬರಿಗೆ ಎಲ್ಕ್ ಸಿಕ್ಕರೆ ಹೆಚ್ಚು ಎಂದು ನಾನು ವಿವರಿಸುತ್ತಿದ್ದರೆ, ಅವಳು ತೊಂಬತ್ತು ಕಿಲೋಗೆ ನಮ್ಮೂರ ಹುಳಿ ಕಾಚಂಪುಳಿ ಎಷ್ಟು ಬೇಕು ಎಂದು ಲೆಕ್ಕ ಹಾಕುತ್ತಿದ್ದಳು. ಮೂರು ಬಾಟಲಿ ಬೇಕಂತೆ, ಹುರಿದ ಮಸಾಲೆ ಪುಡಿ ಬೇರೆ. ನಿನ್ನೆ ಸೂಟ್‌ಕೇಸ್ ತೂಗಿ ನೋಡಿದರೆ ಇಪ್ಪತ್ಮೂರು ಕಿಲೋ ಮೀರಿತ್ತು.

‘ಅಪ್ಪನ ಉಣ್ಣೆ ಬಟ್ಟೆ ಹೊರಗೆ ತೆಗೆದಿಟ್ಟಿದ್ದೇನೆ,’ ಎಂದಳು. ‘ಚಳಿಗೆ ಏನಾದರೂ ಅಲ್ಲೇ ಕೊಡಿಸು. ಕಾಚಂಪುಳಿ ಅಲ್ಲಿ ಸಿಕ್ಕುವುದಿಲ್ಲವಲ್ಲ.’